ಸೂರತ್ತಿನ ನೀರಿನ ಮೇಲೆ ಹೊರಿಸಿದ ಸಾವು

ವಾರಿಜಾ ಚಿಕ್ಕಮ್ಮ ಸತ್ತದ್ದು ಸೂರತ್ತಿನ ನೀರು ಒಗ್ಗದೆ ಎಂದು ನಮ್ಮ ಮನೆಯವರು ಇವತ್ತಿಗೂ ಹೇಳುತ್ತಾರೆ. ಅದೇ ನೀರು ಕುಡಿದು ನನ್ನ ಅಜ್ಜಿ ತೊಂಬತ್ತು ದಾಟಿದಳು. ಅದೇ ನೀರಿನಲ್ಲಿ ನಮ್ಮ ಹೋಟೆಲಿನ ಸಾಂಬಾರು ಕುದಿಯಿತು, ಅರ್ಧ ಉಧ್ನಾ ಬಡಾವಣೆ ಅದನ್ನು ಉಂಡು ಬಾಯಿ ಚಪ್ಪರಿಸಿತು, ಒಬ್ಬರಿಗೂ ಏನೂ ಆಗಲಿಲ್ಲ. ಏಳು ತಿಂಗಳ ಬಸುರಿಯನ್ನು ಮಾತ್ರ ಆರಿಸಿಕೊಂಡು ಕೊಲ್ಲುವಷ್ಟು ಜಾಣತನ ಆ ನಲ್ಲಿ ನೀರಿಗೆ ಎಲ್ಲಿಂದ ಬಂತು ಎಂದು ನಾನು ಮದುವೆ ಮುಂಜಿಗಳಲ್ಲಿ ಕೇಳಿದ್ದುಂಟು. ಕೇಳಿದಾಗಲೆಲ್ಲ ಯಾರಾದರೊಬ್ಬರು ಪಾಯಸ ಬಡಿಸಲು ಎದ್ದು ಹೋಗುತ್ತಾರೆ. ನನ್ನ ನೆನಪುಗಳ ಪುಸ್ತಕದಲ್ಲಿ ಈ ಅಧ್ಯಾಯ ಬರೆಯಬೇಡ ಎಂದು ಅಮ್ಮ ಎರಡು ಸಲ ಫೋನು ಮಾಡಿದ್ದಾರೆ. ಅಜ್ಜಿಯನ್ನು 'ಅವರು', 'ಇವರು' ಎಂದು ಬಹುವಚನದಲ್ಲಿ ಕರೆಯಬೇಕೆಂದು ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ಎದುರಿಗೆ ಹಾಗೆಯೇ ಕರೆದೆ. ಇಲ್ಲಿ ಕರೆಯಲು ಮನಸ್ಸಿಲ್ಲ.

ನಮ್ಮ ಮನೆ ಇದ್ದದ್ದು ಉಧ್ನಾದ ಮುಖ್ಯರಸ್ತೆಯಲ್ಲಿ, ನಮ್ಮದೇ ಹೋಟೆಲಿನ ನೆತ್ತಿಯ ಮೇಲೆ. ಕೆಳಗೆ ಗಂಡಸರು, ಮೇಲೆ ಹೆಂಗಸರು, ನಡುವೆ ಹಿತ್ತಿಲ ಕಡೆಯಿಂದ ಹತ್ತುವ ಕಬ್ಬಿಣದ ಮೆಟ್ಟಿಲು. ಮೇಲೆ ಎರಡು ಕೋಣೆ, ಒಂದು ಅಡಿಗೆಮನೆ, ಬಟ್ಟೆ ಒಣಗಿಸುವ ಒಂದು ತುಂಡು ತಾರಸಿ. ಬೆಳಿಗ್ಗೆ ಕೆಳಗೆ ಹಿಟ್ಟು ರುಬ್ಬುವ ಯಂತ್ರ ಶುರುವಾದರೆ ನಮ್ಮ ನೆಲ ನಡುಗಿ, ಕಪಾಟಿನಲ್ಲಿದ್ದ ಸ್ಟೀಲ್ ಲೋಟಗಳೆಲ್ಲ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅದು ನಿಂತರೆ ಪಕ್ಕದ ಗಲ್ಲಿಯ ಮಗ್ಗಗಳ ಟಕಟಕ ಕೇಳಿಸುತ್ತಿತ್ತು. ಪಾಂಡೇಸರಾದ ಬಣ್ಣದ ಮಿಲ್ಲುಗಳಿಂದ ಬರುವ ಕೆಲಸಗಾರರ ಉಗುರು ಒಂದು ದಿನ ನೀಲಿ, ಒಂದು ದಿನ ಕೆಂಪು. ಅವರು ಇಡ್ಲಿ ಮುರಿಯುವುದನ್ನು ನಾನು ಮೆಟ್ಟಿಲ ಸಂದಿಯಿಂದ ನೋಡುತ್ತಿದ್ದೆ. ಹೆಂಗಸರು ಕೆಳಗೆ ಇಳಿಯುವಂತಿರಲಿಲ್ಲ, ಅದು ನಮ್ಮ ಮಾನದ ಪ್ರಶ್ನೆಯಂತೆ. ಆದರೆ ಬೇಯಿಸಿದ ಆಲೂಗಡ್ಡೆ ಮಾತ್ರ ದಿನಾ ಹತ್ತು ಗಂಟೆಗೆ ದೊಡ್ಡ ಡಬರಿಯಲ್ಲಿ ಹಬೆಯಾಡುತ್ತ ಮೇಲೆ ಬರುತ್ತಿತ್ತು. ಅಮ್ಮ ಮತ್ತು ಚಿಕ್ಕಮ್ಮ ಕುಳಿತು ಅಷ್ಟನ್ನೂ ಸುಲಿದು ಕೆಳಗೆ ಕಳಿಸಬೇಕಿತ್ತು. ಹೋಟೆಲಿನ ಬೋರ್ಡಿನಲ್ಲಿ ಅಪ್ಪನ ಹೆಸರೂ ಚಿಕ್ಕಪ್ಪನ ಹೆಸರೂ ಇದ್ದವು. ಮಸಾಲೆದೋಸೆಯ ಹೊಟ್ಟೆಯೊಳಗಿನ ಪಲ್ಯಕ್ಕೆ ಬೆರಳು ಸುಟ್ಟುಕೊಂಡವರ ಹೆಸರನ್ನು ಯಾರು ಬರೆಸುತ್ತಾರೆ? ಕೆಳಗಿನ ಗಿರಾಕಿಗಳೆಲ್ಲ ಉಂಡು ಹೋದ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ, ಉಳಿದದ್ದು ಮೇಲೆ ಬರುತ್ತಿತ್ತು. ಮೊದಲು ಅಜ್ಜಿ, ಆಮೇಲೆ ನಾನು, ಕೊನೆಗೆ ಸೊಸೆಯರು. ಬಸುರಿಗೂ ಅದೇ ಸರತಿ.

ಅಜ್ಜಿ ಹೊರಗಿನ ಕೋಣೆಯ ಮಂಚದಲ್ಲಿ ಕುಳಿತೇ ಮನೆ ಆಳುತ್ತಿದ್ದಳು. ಅವಳು ಸೂರತ್ತಿಗೆ ಬಂದು ಆಗ ಹದಿನೆಂಟು ವರ್ಷವಾಗಿತ್ತು. ಆದರೂ ಬಾಗಿಲಿಗೆ ಯಾರು ಬಂದರೂ ಅವಳದ್ದು ಒಂದೇ ಮಾತು.

"ನಂಗೆ ಇವರ ಭಾಷೆ ಬರುದಿಲ್ಲ. ಸುಮಾ, ಬಾ ಇಲ್ಲಿ, ಎಂತ ಹೇಳ್ತಾರೆ ಕೇಳು."

ಆ ಸುಮಾ ನಾನು. ಹತ್ತು ವರ್ಷ ನನಗೆ. ಗುಜರಾತಿ ಶಾಲೆಗೆ ಹೋಗುತ್ತಿದ್ದ ಮನೆಯ ಒಂದೇ ಜೀವ. ಅಪ್ಪನಿಗೂ ಚಿಕ್ಕಪ್ಪನಿಗೂ ಭಾಷೆ ಚೆನ್ನಾಗಿ ಬರುತ್ತಿತ್ತು, ಆದರೆ ಅವರು ಗಲ್ಲಾಪೆಟ್ಟಿಗೆ ಬಿಟ್ಟು ಮೇಲೆ ಬರುವವರಲ್ಲ. ಹಾಗಾಗಿ ಕರೆಂಟು ಬಿಲ್ಲಿನವನು, ಬಾಡಿಗೆ ಕೇಳಲು ಬರುವ ಕಟ್ಟಡದ ಯಜಮಾನರು, ಪಕ್ಕದ ಮನೆಯ ಹೆಂಗಸು, ಎಲ್ಲರ ಮಾತೂ ನನ್ನ ಬಾಯಿಯಿಂದಲೇ ಅಜ್ಜಿಯ ಕಿವಿಗೆ ಹೋಗಬೇಕಿತ್ತು. ಒಮ್ಮೆ ಪಕ್ಕದ ಮನೆಯವಳು ಆಲೂಗಡ್ಡೆ ಸಿಪ್ಪೆಯಿಂದ ಮೋರಿ ಕಟ್ಟಿತೆಂದು ಬಂದು ಕೂಗಾಡಿದಳು. ನಿಮ್ಮ ಮುದುಕಿ ಮಂಚದಲ್ಲಿ ಕೂತು ಊರಿಡೀ ಗಲೀಜು ಮಾಡಿಸುತ್ತಾಳೆ ಎಂದಳು. ನಾನು ಶ್ರದ್ಧೆಯಿಂದ, ಪರೀಕ್ಷೆ ಬರೆಯುವವಳ ಹಾಗೆ, 'ನಿಮ್ಮ ಮುದುಕಿ' ಎಂದು ಬಾಯಿ ತೆರೆದೆನಷ್ಟೆ. ವಾಕ್ಯ ಮುಗಿಯುವ ಮೊದಲೇ ಕಪಾಳಕ್ಕೆ ಬಿತ್ತು.

"ಹೊರಗಿನವರ ಕೆಟ್ಟ ಮಾತು ಹಾಗೇ ಹೊತ್ತುಕೊಂಡು ಒಳಗೆ ತರ್ಲಿಕ್ಕೆ ನೀನೆಂತ ಅವರ ಕೂಲಿಯವಳಾ? ಚಂದ ಮಾಡಿ ಹೇಳ್ಲಿಕ್ಕೆ ಕಲಿ."

ಕಲಿತೆ. ಅಷ್ಟು ಬೇಗ ನಾನು ಮಗ್ಗಿಯನ್ನೂ ಕಲಿತಿರಲಿಲ್ಲ. ಅಂದಿನಿಂದ ಯಾರು ಬೈದರೂ ಅಜ್ಜಿಗೆ ತಲುಪುವಾಗ ಅದು ವಿನಂತಿಯಾಗುತ್ತಿತ್ತು. ಕಟ್ಟಡದ ಯಜಮಾನರು ತಿಂಗಳ ಕೊನೆಗೆ ಬೀಗ ಜಡಿಯುತ್ತೇನೆ ಎಂದರೆ, 'ಒಮ್ಮೆ ಬಂದು ಮಾತಾಡಿ ಅಂತಾರೆ' ಎನ್ನುತ್ತಿದ್ದೆ. ನಾನು ಜಾಣೆ ಎಂದು ಅಜ್ಜಿ ತಲೆ ಸವರುತ್ತಿದ್ದಳು. ಆ ಸವರಿಕೆಗೆ ನಾನು ನಾಯಿಮರಿಯ ಹಾಗೆ ಕಾಯುತ್ತಿದ್ದೆ ಎಂದು ಹೇಳಿಕೊಳ್ಳಲು ಇವತ್ತು ಅಸಹ್ಯವಾಗುತ್ತದೆ.

ವಾರಿಜಾ ಚಿಕ್ಕಮ್ಮ ಚಿಕ್ಕಪ್ಪನನ್ನು ಮದುವೆಯಾಗಿ ಬಂದು ಒಂದೂವರೆ ವರ್ಷವಾಗಿತ್ತು. ಇಪ್ಪತ್ತೆರಡು ವಯಸ್ಸು. ಊರಿನಲ್ಲಿ ಬಾಯಿತುಂಬ ಮಾತಾಡಿಕೊಂಡಿದ್ದವಳು, ಇಲ್ಲಿ ಅಂಗಡಿಯವನೊಡನೆ ಒಂದು ಮಾತೂ ಆಡಲು ಬಾರದೆ ಅರ್ಧ ಮೂಗಿಯಾಗಿದ್ದಳು. ನನ್ನಿಂದ ದಿನಕ್ಕೆ ಐದು ಗುಜರಾತಿ ಶಬ್ದ ಕಲಿಯುವುದು, ಅದಕ್ಕೆ ಬದಲು ನನ್ನ ಜಡೆಗೆ ನಾಲ್ಕು ಎಳೆಯ ಹೆಣಿಗೆ ಹಾಕಿಕೊಡುವುದು ಎಂದು ನಮ್ಮಿಬ್ಬರ ಒಪ್ಪಂದ. ಕಲಿತ ಶಬ್ದಗಳನ್ನೆಲ್ಲ ಅವಳು ಆಲೂಗಡ್ಡೆಯ ಮೇಲೆ ಪ್ರಯೋಗ ಮಾಡುತ್ತಿದ್ದಳು. ಒಂದು ಗುಂಡನೆಯ ಆಲೂಗಡ್ಡೆ ಎತ್ತಿ ಹಿಡಿದು, ಗಲ್ಲಾದಲ್ಲಿ ಕೂತ ಅಪ್ಪನ ಧ್ವನಿಯಲ್ಲಿ 'ಆವೋ ಸಾಹೇಬ್, ಬೇಸೋ', ಬನ್ನಿ ಸಾಹೇಬರೇ ಕೂತುಕೊಳ್ಳಿ, ಎಂದರೆ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಮ್ಮ ಮೇಲಂತಸ್ತಿನಲ್ಲಿ ನಗು ಬಂದದ್ದು ಅವಳಿಂದ, ಹೋದದ್ದೂ ಅವಳ ಜತೆ.

ಆರು ತಿಂಗಳು ತುಂಬುವ ಹೊತ್ತಿಗೆ ಅವಳ ಕಾಲು ಊದಿತು. ಬಸುರಿಯ ಕಾಲು ಊದುವುದು ಇದ್ದದ್ದೇ ಎಂದರು. ಆಮೇಲೆ ಕೈ ಊದಿತು. ಬಿಸಿ ಆಲೂಗಡ್ಡೆ ಹಿಡಿಯಲು ಬೆರಳು ಮಡಚದೆ ಕೈಯಿಂದ ಜಾರಿ ಬೀಳುತ್ತಿತ್ತು. ಮದುವೆಯ ಉಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿತ್ತು. ಒಂದು ಮಧ್ಯಾಹ್ನ ನಾನು ತೆಂಗಿನೆಣ್ಣೆ ಸವರಿ, ತಿರುಗಿಸಿ ತಿರುಗಿಸಿ, ಅವಳು ಹಲ್ಲು ಕಚ್ಚಿಕೊಂಡಿರುವಾಗ ಅದನ್ನು ಎಳೆದು ತೆಗೆದೆ. ಕೊನೆಗೆ ಮುಖ ಊದಿತು. ಬೆಳಿಗ್ಗೆ ಎದ್ದರೆ ಕಣ್ಣು ಸಣ್ಣ ಗೀರಿನ ಹಾಗೆ ಕಾಣುತ್ತಿತ್ತು. 'ಮೈ ತುಂಬಿಕೊಂಡಿದ್ದಾಳೆ, ನಮ್ಮ ಮನೆ ಊಟ ಹಿಡಿಸಿತು' ಎಂದು ಅಜ್ಜಿ ಬಂದವರಿಗೆಲ್ಲ ತೋರಿಸಿದಳು. ತಲೆನೋವೆಂದರೆ ಕೆಳಗಿನಿಂದ ಸ್ಟ್ರಾಂಗ್ ಕಾಫಿ ತರಿಸಿ ಕೊಟ್ಟಳು. ನಮ್ಮ ಮನೆಯಲ್ಲಿ ಎಲ್ಲ ರೋಗಕ್ಕೂ ಅದೇ ಮದ್ದು. ಅಲ್ಲಿಯವರೆಗೆ ಅವಳನ್ನು ಸೂರತ್ತಿನಲ್ಲಿ ಒಬ್ಬ ಡಾಕ್ಟರಿಗೂ ತೋರಿಸಿರಲಿಲ್ಲ. ಚೊಚ್ಚಲು ಹೆರಿಗೆ ತವರಿನಲ್ಲಿ, ಹಾಗಾಗಿ ಊರಿಗೆ ಹೋದ ಮೇಲೆ ಅಲ್ಲಿಯೇ ತೋರಿಸುವುದು ಎಂದು ನಮ್ಮವರ ಕ್ರಮ. ಊರಿನ ಡಾಕ್ಟರಿಗೆ ಈ ಹುಡುಗಿ ಬಸುರಿಯೆಂದೇ ಗೊತ್ತಿಲ್ಲ, ಸೂರತ್ತಿನ ಡಾಕ್ಟರಿಗೆ ಈ ಹುಡುಗಿ ಇದ್ದಾಳೆಂದೇ ಗೊತ್ತಿಲ್ಲ. ಪರ ಊರಿನಲ್ಲಿ ಹೋಟೆಲು ನಡೆಸುವ ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು ಇದು. ಎರಡು ಊರು ಇರುವವರಿಗೆ ಎಷ್ಟೋ ಸಲ ಒಂದು ಊರೂ ಇರುವುದಿಲ್ಲ. ಏಳನೇ ತಿಂಗಳಲ್ಲಿ ಬಯಕೆ ಊಟ, ಅದಾದ ವಾರಕ್ಕೆ ಮುಂಬಯಿಗೆ ರೈಲು, ಅಲ್ಲಿಂದ ಬಸ್ಸು ಎಂದು ನಿಶ್ಚಯವಾಗಿತ್ತು.

ಬಯಕೆಗೆ ನಾಲ್ಕು ದಿನ ಇರುವಾಗ ಹಂಸಾಬೆನ್ ಬಂದರು. ಸರಕಾರಿ ಆರೋಗ್ಯ ಕೇಂದ್ರದ ನರ್ಸು. ಮನೆಮನೆ ಸುತ್ತಿ ಬಸುರಿಯರ ಪಟ್ಟಿ ಮಾಡುವವರು. ಬಿಳಿ ಸೀರೆ, ಹೆಗಲಲ್ಲಿ ರೆಕ್ಸಿನ್ ಚೀಲ, ಕಬ್ಬಿಣದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಚಿಕ್ಕಮ್ಮನ ಮುಖ ನೋಡಿದ್ದೇ ತಡ, ಹೆಸರು ಕೂಡ ಕೇಳದೆ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಒಮ್ಮೆ ನೋಡಿದರು. ಮತ್ತೊಮ್ಮೆ ಒತ್ತಿ ನೋಡಿದರು. ಮೂರನೆಯ ಸಲವೂ ನೋಡಿ, ನನ್ನ ಎರಡೂ ಭುಜ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. ಅವರು ಹೇಳಿದ ಒಂದೊಂದು ಶಬ್ದವೂ ನನಗೆ ಇವತ್ತಿಗೂ ಬಾಯಿಪಾಠ ಇದೆ. ಇವಳ ರಕ್ತದೊತ್ತಡ ವಿಪರೀತ ಏರಿದೆ. ಇವತ್ತೇ, ಈಗಲೇ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಾಳೆ ಅಂದರೆ ಆಗದು. ಫಿಟ್ಸ್ ಬಂದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ. ಅಜ್ಜಿಗೆ ಇದನ್ನು ಹೀಗೆಯೇ ಹೇಳು ಮಗಳೇ, ಒಂದು ಮಾತೂ ಬಿಡಬೇಡ.

ಅಜ್ಜಿ ಮಂಚದ ಮೇಲೆ ಕುಳಿತು ಹೂಬತ್ತಿ ಹೊಸೆಯುತ್ತಿದ್ದಳು. ಕೈ ನಿಂತಿತ್ತು.

"ಎಂತ ಅಂತೆ?"

ನನ್ನ ಬಾಯಿ ತಾನಾಗಿಯೇ ಕೆಲಸ ಶುರು ಮಾಡಿತು.

"ಚಿಕ್ಕಮ್ಮಂಗೆ ಸ್ವಲ್ಪ ಪ್ರೆಷರ್ ಉಂಟಂತೆ ಅಜ್ಜಿ. ಆರಾಮ ಮಾಡ್ಬೇಕಂತೆ. ಒಮ್ಮೆ ಆಸ್ಪತ್ರೆಗೆ ತೋರಿಸಿದ್ರೆ ಒಳ್ಳೇದಂತೆ."

"ತೋರಿಸುವ. ಯಾರು ಬೇಡ ಹೇಳಿದ್ದು? ಬಯಕೆ ಮುಗಿಲಿ, ಊರಿಗೆ ಹೋಗಿ ತೋರಿಸುವ. ಇಲ್ಲಿ ಆಸ್ಪತ್ರೆಗೆ ಹಾಕಿದ್ರೆ ಅವಳ ಅಪ್ಪ ಅಮ್ಮ ಎಂತ ಗ್ರಹಿಸ್ಲಿಕ್ಕಿಲ್ಲ? ಗಂಡನ ಮನೆಯಲ್ಲಿ ದುಡಿಸಿ ದುಡಿಸಿ ಹೀಗೆ ಮಾಡಿದ್ರು ಅಂತ ಊರಿಡೀ ಹೇಳ್ತಾರೆ."

ನಾನು ಹಂಸಾಬೆನ್‌ಗೆ, ಅಜ್ಜಿ ಆಯ್ತು ಎಂದರು ಎಂದೆ. ಎರಡೂ ಕಡೆಗೆ ಚಂದ ಮಾಡಿದೆ. ಹಂಸಾಬೆನ್ ನನ್ನನ್ನು ಅಷ್ಟು ಸುಲಭದಲ್ಲಿ ನಂಬಲಿಲ್ಲ. ಚೀಲದಿಂದ ಒಂದು ಗುಜರಾತಿ ಕರಪತ್ರ ತೆಗೆದು ನನ್ನ ಕೈಗಿತ್ತರು. ತಲೆ ಹಿಡಿದುಕೊಂಡ ಬಸುರಿಯ ಚಿತ್ರ, ಅದರ ಕೆಳಗೆ ಮುಖ ಊದುವುದು, ಕಣ್ಣು ಮಂಜಾಗುವುದು, ಫಿಟ್ಸು ಎಂದೆಲ್ಲ ದಪ್ಪ ಅಕ್ಷರದಲ್ಲಿತ್ತು. ಆಮೇಲೆ ಕೆಳಗಿಳಿದು ಗಲ್ಲಾದಲ್ಲಿದ್ದ ಅಪ್ಪನಿಗೂ ಹೇಳಿದರು. ಊಟದ ಹೊತ್ತು, ಗಿರಾಕಿಗಳ ನೂಕುನುಗ್ಗಲು. ಅಪ್ಪ ನಾಲ್ಕು ಸಲ ತಲೆಯಾಡಿಸಿ, ಬೋಂಡದ ಪೊಟ್ಟಣ ಒಂದನ್ನು ಅವರ ಕೈಗಿಟ್ಟು, 'ಜರೂರ್ ಬೆನ್, ಜರೂರ್', ಖಂಡಿತ ಅಕ್ಕ, ಎಂದದ್ದನ್ನು ನಾನು ಮೆಟ್ಟಿಲ ಸಂದಿಯಿಂದ ನೋಡಿದೆ. ನಮ್ಮ ಅಪ್ಪ ಕೆಟ್ಟವರಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಯಾರನ್ನೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಮರುದಿನ ಆ ಕರಪತ್ರ ಕೆಳಗೆ, ಬೋಂಡ ಕಟ್ಟುವ ಕಾಗದಗಳ ಅಟ್ಟಿಯಲ್ಲಿತ್ತು. ಯಾರು ಇಟ್ಟರೆಂದು ನನಗೆ ಗೊತ್ತಿಲ್ಲ. ಸಂಜೆಗೆ ಅದೂ ಇರಲಿಲ್ಲ. ಯಾವನೋ ಬಿಸಿ ಬೋಂಡದ ಎಣ್ಣೆಯನ್ನು ಆ ಬಸುರಿಯ ಮುಖಕ್ಕೆ ಒರೆಸಿ ಎಸೆದಿರಬೇಕು.

ಹಂಸಾಬೆನ್ ಬಂದುಹೋದ ಮಧ್ಯಾಹ್ನವೇ ಒಳಕೋಣೆಯಲ್ಲಿ ಚಿಕ್ಕಮ್ಮ ನನ್ನ ಕೈ ಹಿಡಿದಳು. ಬೆರಳು ಒತ್ತಿದಲ್ಲೆಲ್ಲ ಅವಳ ಚರ್ಮದಲ್ಲಿ ಕುಳಿ ಬೀಳುತ್ತಿತ್ತು.

"ಸುಮಾ, ನಿಜ ಹೇಳು. ಆ ಬೆನ್ ನಿನ್ನ ಭುಜ ಹಿಡ್ಕೊಂಡು ಎಂತ ಹೇಳಿದ್ದು?"

"ಆರಾಮ ಮಾಡ್ಬೇಕಂತೆ ಚಿಕ್ಕಮ್ಮ."

"ಅಷ್ಟೇಯಾ?"

"ಅಷ್ಟೇ."

"ಹಾಗಾದ್ರೆ ಸರಿ. ನಂಗೆ ಗೋಡೆಯಲ್ಲೆಲ್ಲ ಮಿಂಚುಹುಳ ಕಾಣ್ತದೆ ಮಾರಾಯ್ತಿ. ಹಗಲಲ್ಲಿ ಮಿಂಚುಹುಳ ಉಂಟಾ?"

ನಾನು ನಕ್ಕೆ. ಎದ್ದು, ಅವಳು ಬೆರಳು ತೋರಿಸಿದಲ್ಲೆಲ್ಲ ಕುಣಿದು ಗೋಡೆಗೆ ಕೈ ಬಡಿದು ಆ ಹುಳ ಹಿಡಿಯುವ ಆಟ ಆಡಿದೆ. ಅವಳೂ ನಕ್ಕಳು. ನನ್ನ ಜೀವಮಾನದಲ್ಲಿ ನಾನು ಮತ್ತೆಂದೂ ಕ್ಷಮಿಸಲಾಗದ ಆಟ ಅದು.

ಎರಡು ದಿನ ಬಿಟ್ಟು ಹಂಸಾಬೆನ್ ಮತ್ತೆ ಬಂದರು. ಅವರ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕೇಳಿದೊಡನೆ ಅಜ್ಜಿ ಒಳಕೋಣೆಯ ಬಾಗಿಲು ಎಳೆದುಕೊಂಡು ನನ್ನನ್ನು ಮುಂದೆ ನಿಲ್ಲಿಸಿದಳು.

"ತೋರಿಸಿ ಆಯ್ತು ಅಂತ ಹೇಳು. ಊರಿಗೆ ಹೋದ್ಲು ಅಂತ ಹೇಳು."

ಹೇಳಿದೆ. ಹಂಸಾಬೆನ್ ನನ್ನನ್ನೂ ನೋಡಿದರು, ಮುಚ್ಚಿದ ಬಾಗಿಲನ್ನೂ ನೋಡಿದರು. ಯಾವ ಆಸ್ಪತ್ರೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಪುಸ್ತಕದಲ್ಲಿ ಏನೋ ಗೀಚಿ ಇಳಿದುಹೋದರು. ಬಾಗಿಲ ಆಚೆ ಚಿಕ್ಕಮ್ಮ ಇದ್ದಳು, ಒಮ್ಮೆ ಕೆಮ್ಮಿದಳು ಕೂಡ. ಆ ಕೆಮ್ಮನ್ನು ಕೇಳಿಯೂ ಹಂಸಾಬೆನ್ ಯಾಕೆ ಬಾಗಿಲು ತಳ್ಳಲಿಲ್ಲ ಎಂದು ಅವರ ಮೇಲೆಯೂ ನನಗೆ ಸಿಟ್ಟಿದೆ. ಸಿಟ್ಟಿನಿಂದ ಯಾರನ್ನೂ ಬಿಡಲು ನಾನು ತಯಾರಿಲ್ಲ.

ಬಯಕೆಯ ದಿನ ಹೋಟೆಲಿಗೆ ಅರ್ಧ ದಿನ ರಜೆ. ಸೂರತ್ತಿನಲ್ಲಿದ್ದ ನಮ್ಮ ಕಡೆಯ ಹೆಂಗಸರೆಲ್ಲ ಬಂದು ತಾರಸಿ ತುಂಬಿತು. ಚಿಕ್ಕಮ್ಮನಿಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ತಂದಿಟ್ಟ ಹಸಿರು ಬಳೆ ಅವಳ ಕೈಗೆ ಏರಲೇ ಇಲ್ಲ. ಸೋಪು ಹಚ್ಚಿ ನೂಕಿದರು, ಎರಡು ಒಡೆದವು. ಒಡೆದದ್ದನ್ನು ಅಪಶಕುನ ಎಂದುಕೊಂಡು ಬಾಯಿ ಬಡಿದುಕೊಂಡವರಿದ್ದರು. ಬಳೆ ಏರದಷ್ಟು ಕೈ ಯಾಕೆ ಊದಿದೆ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಅಮ್ಮ ಒಬ್ಬರು ಮಾತ್ರ ಅಜ್ಜಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು.

"ಅತ್ತೆ, ವಾರಿಜಂಗೆ ಕಣ್ಣು ಕಾಣುದಿಲ್ಲ ಅಂತಾಳೆ. ಇವರನ್ನು ಒಮ್ಮೆ ಮೇಲೆ ಕರೀಲಾ?"

"ಆರತಿ ಆಗ್ಲಿ. ನಾಲ್ಕು ಜನರ ಎದುರು ನಾಟಕ ಬೇಡ."

ಆರತಿ ಆಗಲಿಲ್ಲ. ಎಲೆಗೆ ಹೋಳಿಗೆ ಬಡಿಸುತ್ತಿದ್ದಾಗ ಚಿಕ್ಕಮ್ಮನ ಕುತ್ತಿಗೆ ಒಂದು ಕಡೆಗೆ ವಾಲಿತು, ಕೈಕಾಲು ಸೆಟೆದು ಮೈಯೆಲ್ಲ ಅದುರತೊಡಗಿತು. ಬಾಯಲ್ಲಿ ನೊರೆ. ಯಾರೋ ಕಬ್ಬಿಣ ತನ್ನಿ, ಬೀಗದ ಕೈ ತನ್ನಿ ಎಂದು ಕೂಗಿದರು. ಅಪ್ಪ ಓಡಿ ಬಂದು ಹೋಟೆಲಿನ ಶಟರಿನ ಬೀಗದ ಕೈ ಗೊಂಚಲನ್ನು ಕೊಟ್ಟರು. ಚಿಕ್ಕಪ್ಪ ಅದನ್ನು ಅವಳ ಮುಷ್ಟಿಯೊಳಗೆ ತುರುಕಿ ಗಟ್ಟಿಯಾಗಿ ಒತ್ತಿ ಹಿಡಿದರು. ಅದುರು ನಿಂತಿತು. ನೋಡಿ, ಕಬ್ಬಿಣ ಹಿಡಿದ ಕೂಡಲೇ ನಿಂತಿತು ಎಂದರು. ಮುಖಕ್ಕೆ ನೀರು ಚಿಮುಕಿಸಿ, ಗಾಳಿ ಬೀಸಿ, ದೃಷ್ಟಿ ತೆಗೆದು, ಅವಳು ಎಚ್ಚರಾಗಲೆಂದು ಸುತ್ತ ಕುಳಿತು ಕಾದರು. ಎರಡನೆಯ ಸಲ ಬಂದಾಗ ಕಬ್ಬಿಣಕ್ಕೆ ನಿಲ್ಲಲಿಲ್ಲ. ಆಗ ಆಲೂಗಡ್ಡೆ ತರುವ ಟೆಂಪೋದ ನೆನಪಾಯಿತು. ಆಸ್ಪತ್ರೆಯಲ್ಲಿ ಅವಳನ್ನು ಇಳಿಸುವಾಗಲೂ ಆ ಬೀಗದ ಕೈ ಗೊಂಚಲು ಅವಳ ಕೈಯಲ್ಲೇ ಇತ್ತು.

ಹೆಂಗಸರ ವಾರ್ಡಿನಲ್ಲಿ ಮಾತಿಗೆ ಬೇಕಾಗುತ್ತದೆಂದು ಅಮ್ಮ ನನ್ನನ್ನು ಕರೆದುಕೊಂಡು ಹೋಗಿದ್ದರು. ಡಾಕ್ಟರಮ್ಮ ಕಾರ್ಡ್ ಎಲ್ಲಿ ಎಂದು ಕೇಳಿದರು. ಕಾರ್ಡ್ ಇರಲಿಲ್ಲ. ಇಷ್ಟು ದಿನ ಯಾರು ನೋಡುತ್ತಿದ್ದರು, ಬಿಪಿ ಯಾರಾದರೂ ನೋಡಿದ್ದಾರೆಯೇ ಎಂದು ಅಪ್ಪನನ್ನು ಕೇಳಿದರು. ಅಪ್ಪ, ನಾಲ್ಕು ದಿನದ ಹಿಂದೆ ಬೋಂಡದ ಪೊಟ್ಟಣ ಕೊಟ್ಟ ಅದೇ ಅಪ್ಪ, ಅಚ್ಚುಕಟ್ಟಾದ ಗುಜರಾತಿಯಲ್ಲಿ ಹೇಳಿದರು. ಯಾರೂ ನೋಡಿಲ್ಲ. ಎಲ್ಲ ಸರಿ ಇತ್ತು. ಇವತ್ತೇ ಶುರುವಾದದ್ದು. ಡಾಕ್ಟರಮ್ಮ ಅಮ್ಮನ ಕಡೆ ತಿರುಗಿ ಕಿರುಚಿದರು. ಅಮ್ಮ ನನ್ನ ಮುಖ ನೋಡಿದರು. ಆಗ ಮೊತ್ತಮೊದಲ ಬಾರಿಗೆ ನನ್ನ ಬಾಯಿ ಚಂದ ಮಾಡಲಿಲ್ಲ.

"ತಡ ಮಾಡಿದ್ರಿ ಅಂತಾರೆ. ಚಿಕ್ಕಮ್ಮ ಸಾಯ್ತಾಳಂತೆ."

ಅಮ್ಮ ನನ್ನ ಬಾಯಿಯ ಮೇಲೆ ಕೈ ಇಟ್ಟು ಒತ್ತಿದರು. ಆ ಕೈಯಲ್ಲಿ ಹೋಳಿಗೆಯ ತುಪ್ಪದ ವಾಸನೆ ಇತ್ತು. ಮರುದಿನ ಬೆಳಿಗ್ಗೆ ಚಿಕ್ಕಮ್ಮ ಸತ್ತಳು. ಹೆಣ್ಣು ಮಗು, ಅದು ಅವಳಿಗಿಂತ ಮೊದಲೇ ಸತ್ತಿತ್ತು.

ತವರಿನವರು ಬಂದು ಅತ್ತು ಕೇಳಿದಾಗ ಅಜ್ಜಿ ಮೊದಲ ಸಲ ನೀರಿನ ಮಾತು ತೆಗೆದಳು. ಇಲ್ಲಿಯ ನೀರು ಅವಳಿಗೆ ಒಗ್ಗಲೇ ಇಲ್ಲ, ಬಂದಂದಿನಿಂದ ಮೈಯಲ್ಲಿ ನೀರು ನಿಲ್ಲುತ್ತಿತ್ತು ಎಂದಳು. ಆ ಬಡಪಾಯಿಗಳು ನಂಬಿದರು. ಹದಿಮೂರು ದಿನ ಕಳೆದು ಶಟರು ತೆರೆಯಿತು. ಅದೇ ಬೀಗದ ಕೈ. ವರ್ಷದೊಳಗೆ ಚಿಕ್ಕಪ್ಪನಿಗೆ ಇನ್ನೊಂದು ಮದುವೆಯಾಯಿತು. ಆ ಹೊಸ ಚಿಕ್ಕಮ್ಮ ಬಸುರಿಯಾದಾಗ ಮೂರನೇ ತಿಂಗಳಿಗೇ ಸೂರತ್ತಿನ ಆಸ್ಪತ್ರೆಯಲ್ಲಿ ಕಾರ್ಡ್ ಮಾಡಿಸಿದರು. ತಿಂಗಳು ತಿಂಗಳೂ ಅಪ್ಪನೇ ಗಲ್ಲಾ ಬಿಟ್ಟು ಟೆಂಪೋದಲ್ಲಿ ಕರೆದುಕೊಂಡು ಹೋದರು. ಚೊಚ್ಚಲು ತವರಿನದ್ದು ಎಂಬ ಮಾತೇ ಬರಲಿಲ್ಲ. ಯಾಕೆ ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಸೂರತ್ತಿನ ನೀರು ಒಂದೇ ವರ್ಷದಲ್ಲಿ ಅಷ್ಟು ಒಳ್ಳೆಯದಾಗಿತ್ತು.

ನಾನು ಮಾತ್ರ ಆ ವಾಕ್ಯವನ್ನು ಹೊತ್ತುಕೊಂಡು ಬೆಳೆದೆ. ಸ್ವಲ್ಪ ಪ್ರೆಷರ್ ಉಂಟಂತೆ. ವಡೋದರಾದ ಕಾಲೇಜಿಗೆ ಹೋದೆ, ಹೊತ್ತುಕೊಂಡು ಹೋದೆ. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಅಹಮದಾಬಾದಿಗೆ ಬಂದೆ, ಹೊತ್ತುಕೊಂಡೇ ಬಂದೆ. ನಾನು ಸರಿಯಾಗಿ ಹೇಳಿದ್ದರೆ ಅವಳು ಬದುಕುತ್ತಿದ್ದಳು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಅದಕ್ಕೇ ಆಮೇಲೆ ಯಾರಿಗೂ ಏನನ್ನೂ ಚಂದ ಮಾಡಿ ಹೇಳಲಿಲ್ಲ. ಸುಮಾಳ ನಾಲಗೆ ವಿಷ ಎಂದು ಆಫೀಸಿನಲ್ಲಿ ಹೆಸರಾಯಿತು. ಬೈಗುಳವೆಂದು ಅವರು ಅಂದದ್ದನ್ನು ನಾನು ಬಿರುದಿನ ಹಾಗೆ ಇಟ್ಟುಕೊಂಡೆ.

ಎರಡು ವರ್ಷದ ಹಿಂದೆ ಅಜ್ಜಿಯ ಎದೆನೋವಿಗೆಂದು ಅಪ್ಪ ಅವಳನ್ನು ಸೂರತ್ತಿನಿಂದ ಇಲ್ಲಿಗೆ ಕರೆತಂದರು. ವಸ್ತ್ರಾಪುರದ ನನ್ನ ಮನೆಯ ಹತ್ತಿರದ ಆಸ್ಪತ್ರೆಯಲ್ಲಿ ಸೇರಿಸಿದೆ. ಒಂದು ಬೆಳಿಗ್ಗೆ ನಾನು ಗಂಜಿ ತೆಗೆದುಕೊಂಡು ಹೋದಾಗ ನರ್ಸು ಅಜ್ಜಿಯ ತೋಳಿಗೆ ಪಟ್ಟಿ ಸುತ್ತುತ್ತಿದ್ದಳು. ನಾನು ಪರದೆಯ ಈಚೆ ಇದ್ದೆ. ಅಜ್ಜಿಗೆ ಗೊತ್ತಿರಲಿಲ್ಲ.

"ಬೆನ್, ಮಾರುಂ ಬಿಪಿ ಕೇಟಲುಂ ಛೇ?"

ನನ್ನ ಬಿಪಿ ಎಷ್ಟಿದೆ ಎಂದು ಕೇಳುತ್ತಿದ್ದಳು. ತಡವರಿಕೆ ಇಲ್ಲ, ಊರಿನ ಎಳೆತ ಇಲ್ಲ, ಉಧ್ನಾದ ತರಕಾರಿಯವಳ ಹಾಗೆ ನೀಟಾದ ಗುಜರಾತಿ. ನರ್ಸು ಏನೋ ಹೇಳಿದಳು. ನಿನ್ನೆಗಿಂತ ಜಾಸ್ತಿ ಇದ್ದರೆ ಡಾಕ್ಟರನ್ನು ಈಗಲೇ ಕರೆಸು, ತಡ ಮಾಡಬೇಡ ಎಂದು ಅಜ್ಜಿ ಅದೇ ಗುಜರಾತಿಯಲ್ಲಿ ಗದರಿಸಿದಳು. ನನ್ನ ಕೈಯಲ್ಲಿದ್ದ ಗಂಜಿಯ ಡಬ್ಬಿಯನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ. ಪಕ್ಕದ ಮನೆಯವಳ ಮಾತನ್ನು ನಾನು ಹೇಳಿ ಮುಗಿಸುವ ಮೊದಲೇ ನನ್ನ ಕಪಾಳಕ್ಕೆ ಬಿದ್ದ ಏಟು ನೆನಪಾಯಿತು. ಹೂಬತ್ತಿ ಹೊಸೆಯುತ್ತಿದ್ದ ಕೈ, ನಾನು ಬಾಯಿ ತೆರೆಯುವ ಮೊದಲೇ ನಿಂತದ್ದು ನೆನಪಾಯಿತು. ನರ್ಸು ಹೋದ ಮೇಲೆ ಒಳಗೆ ಹೋಗಿ ಮಂಚದ ಪಕ್ಕ ನಿಂತೆ.

"ನಿಮಗೆ ಗುಜರಾತಿ ಯಾವಾಗಿನಿಂದ ಬರ್ತದೆ ಅಜ್ಜಿ?"

"ಅಷ್ಟು ವರ್ಷ ಇದ್ದೆ. ಕಿವಿ ಇಲ್ವಾ ನಂಗೆ?"

"ಹಾಗಾದ್ರೆ ಹಂಸಾಬೆನ್ ಆ ದಿನ ಹೇಳಿದ್ದು?"

ಅವಳು ನನ್ನ ಮುಖ ನೋಡಿದಳು. ಯಾವ ಹಂಸಾಬೆನ್ ಎಂದು ಕೇಳಲಿಲ್ಲ. ಅದೊಂದು ಸುಳ್ಳನ್ನಾದರೂ ಹೇಳಬಹುದಿತ್ತು.

"ನೀನು ಹೇಳಿದ್ದನ್ನೇ ನಾನು ಕೇಳಿದ್ದು," ಎಂದಳು.

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದಳು. ಎಲ್ಲ ಅರ್ಥವಾಗಿತ್ತು ಅವಳಿಗೆ. ಇವತ್ತೇ, ಈಗಲೇ, ಫಿಟ್ಸ್, ತಾಯಿಯೂ ಇಲ್ಲ ಮಗುವೂ ಇಲ್ಲ. ಎಲ್ಲವನ್ನೂ ನೇರವಾಗಿ ಕೇಳಿಸಿಕೊಂಡು, ಆಮೇಲೆ ಹತ್ತು ವರ್ಷದ ಹುಡುಗಿಯ ಬಾಯಿಂದ ತನಗೆ ಬೇಕಾದ ಮಾತನ್ನು ಕಾದು ತೆಗೆದುಕೊಂಡಳು. ನಾಳೆ ಯಾರಾದರೂ ಕೇಳಿದರೆ, ಮಗು ಹೀಗೆ ಹೇಳಿತು ಎನ್ನಬಹುದಲ್ಲ. ಅಪ್ಪನಿಗೆ ಗೊತ್ತಿತ್ತು, ಅಜ್ಜಿಗೆ ಗೊತ್ತಿತ್ತು, ಗೊತ್ತಿಲ್ಲದೆ ಸತ್ತವಳು ಚಿಕ್ಕಮ್ಮ ಒಬ್ಬಳೇ. ನಾನು ಮತ್ತೆ ಅಜ್ಜಿಯ ಹತ್ತಿರ ಮಾತಾಡಲಿಲ್ಲ. ಆರು ತಿಂಗಳು ಕಳೆದು ಅವಳು ಸತ್ತಾಗ ಅಮ್ಮ ಅಳುತ್ತ ಫೋನು ಮಾಡಿದರು, ರಜೆ ಇಲ್ಲ ಎಂದೆ. ರಜೆ ಬೇಕಾದಷ್ಟಿತ್ತು. ಅಮ್ಮನಿಗೂ ಆ ದಿನ ಗುಜರಾತಿ ಅರ್ಥವಾಗಿತ್ತೇ ಎಂದು ನಾನು ಈವರೆಗೂ ಕೇಳಿಲ್ಲ. ಅದೊಂದು ಉತ್ತರಕ್ಕೆ ನನ್ನ ಹತ್ತಿರ ಧೈರ್ಯ ಉಳಿದಿಲ್ಲ.

ಕಳೆದ ವಾರ ವಸ್ತ್ರಾಪುರದ ನಮ್ಮ ಕನ್ನಡದವರ ಗುಂಪಿನ ಹುಡುಗಿಯೊಬ್ಬಳು ಫೋನು ಮಾಡಿದಳು. ಸುರಕ್ಷಿತ ತಾಯ್ತನದ ಬಗ್ಗೆ ಒಂದು ತಿಳುವಳಿಕೆ ಕಾರ್ಯಕ್ರಮ ಇಟ್ಟಿದ್ದಾರಂತೆ. ಡಾಕ್ಟರೊಬ್ಬರು ಬರುತ್ತಾರೆ, ಆಮೇಲೆ ಹಿರಿಯರಾಗಿ ನೀವು ಹತ್ತು ನಿಮಿಷ ಮಾತಾಡಿ, ನಮ್ಮ ಅಜ್ಜಿಯಂದಿರು ಬಸುರಿಯರನ್ನು ಹೇಗೆ ನೋಡಿಕೊಳ್ಳುತ್ತಿದ್ದರು ಎಂದು ಹೇಳಿ, ಜನಕ್ಕೆ ಇಷ್ಟವಾಗುತ್ತದೆ ಎಂದಳು. ಪಾಪ, ಒಳ್ಳೆಯ ಹುಡುಗಿ, ಅವಳಿಗೇನು ಗೊತ್ತು. ನಮ್ಮ ಅಜ್ಜಿ ಹೇಗೆ ನೋಡಿಕೊಂಡಳು ಎಂದು ಹೇಳುತ್ತೇನೆ ಎಂದೆ. ನಮ್ಮ ಮನೆಯಲ್ಲಿ ಒಂದು ಸಾವಾಯಿತು, ಹೇಗಾಯಿತು ಎಂದು ಹೆಸರು ಹೆಸರು ಹಿಡಿದು ಹೇಳುತ್ತೇನೆ ಎಂದೆ.

"ಮೇಡಂ, ಹೇಳಿ, ಖಂಡಿತ ಹೇಳಿ. ಆದ್ರೆ ಪ್ರೆಗ್ನೆಂಟ್ ಇರೋರೂ ಬಂದಿರ್ತಾರೆ, ಹೆದರ್ಕೊಂಡುಬಿಡ್ತಾರೆ. ಸ್ವಲ್ಪ ಸಾಫ್ಟ್ ಆಗಿ ಹೇಳ್ಬಹುದಾ?"

"ಇಲ್ಲಮ್ಮ," ಎಂದೆ. "ಸಾಫ್ಟ್ ಆಗಿ ನಾನು ಒಮ್ಮೆ ಹೇಳಿದ್ದೇನೆ. ಐದನೇ ದಿನಕ್ಕೆ ಅವಳು ಸತ್ತಳು."